ಪ್ರಾಬಲ್ಯನಾ, ದಬ್ಬಾಳಿಕೆನಾ?

ಪ್ರಶ್ನೆ: ನಾನು ಇಂಗ್ಲಿಷ್ ಲೇಖನಗಳನ್ನ ಕನ್ನಡಕ್ಕೆ ಅನುವಾದ ಮಾಡ್ತೀನಿ. ಡಾಮಿನೆನ್ಸ್ ಅಂತ ಬಂದ ಕಡೆಯೆಲ್ಲಾ ಪ್ರಾಬಲ್ಯ ಅಂತ ಹಾಕ್ತಿದ್ದೆ, ಮೊನ್ನೆ ಗೆಳತಿ ಓದಿ ಅರ್ಧ ಕಡೆ ದಬ್ಬಾಳಿಕೆ ಆಗ್ಬೇಕಿತ್ತು ಅಂದ್ಳು. ಎರಡೂ ಒಂದೇ ಅಲ್ವಾ ಸರ್?

ಉತ್ತರ: ನಿಮ್ಮ ಗೆಳತಿ ಹೇಳಿದ್ದೇ ಸರಿ. ಪ್ರಾಬಲ್ಯ ಬಂದಿದ್ದು ಪ್ರಬಲ ಅನ್ನೋದರಿಂದ, ಅಂದ್ರೆ ಬಲ ಜಾಸ್ತಿ ಇರೋ ಸ್ಥಿತಿ ಅಷ್ಟೇ, ಆ ಬಲವನ್ನ ಯಾರ ಮೇಲಾದ್ರೂ ಪ್ರಯೋಗ ಮಾಡಿದ್ರಾ ಇಲ್ವಾ ಅನ್ನೋದನ್ನ ಅದು ಹೇಳಲ್ಲ. ಕಬಡ್ಡಿ ಮ್ಯಾಚಲ್ಲಿ ಒಂದು ಟೀಮು ಮೊದಲರ್ಧ ಪೂರ್ತಿ ಪ್ರಾಬಲ್ಯ ಮೆರೀತು ಅಂದ್ರೆ ಅದು ಹೊಗಳಿಕೆ. ದಬ್ಬಾಳಿಕೆ ಅಂದ್ರೆ ಮಾತ್ರ ತಕ್ಷಣ 'ಯಾರ ಮೇಲೆ?' ಅಂತ ಕೇಳಬೇಕು ಅನ್ಸುತ್ತೆ. ಈ ಎರಡು ವಾಕ್ಯ ಪಕ್ಕಪಕ್ಕ ಇಟ್ಟು ಓದಿ: 'ಆ ಮನೇಲಿ ಗಂಡಸರ ಪ್ರಾಬಲ್ಯ ಇತ್ತು.' 'ಆ ಮನೇಲಿ ಗಂಡಸರು ಹೆಂಗಸರ ಮೇಲೆ ದಬ್ಬಾಳಿಕೆ ಮಾಡ್ತಿದ್ರು.' ಮೊದಲನೇದ್ರಲ್ಲಿ ಹೆಂಗಸರ ಸುದ್ದಿನೇ ಇಲ್ಲ ನೋಡಿ, ಗಂಡಸರೂ ಏನೂ ಮಾಡ್ತಿಲ್ಲ, ಮಳೆ ಇತ್ತು ಚಳಿ ಇತ್ತು ಅಂದ ಹಾಗೆ ಪ್ರಾಬಲ್ಯ 'ಇತ್ತು'. ನನಗೆ ಸಂಕಟ ಆಗೋದು ಇಲ್ಲೇ, ಯಾಕಂದ್ರೆ ನೊಂದವರು ಬರಹದಿಂದ ಕಾಣೆಯಾಗೋಕೆ ಯಾರೂ ಸುಳ್ಳು ಬರೀಬೇಕಾಗಿಲ್ಲ, ಇಂಥ ಒಂದು ಮೆತ್ತಗಿನ ಪದ ಸಾಕು.

ಹಾಗಂತ ಎಲ್ಲಾ ಕಡೆ ಅಳಿಸಿ ದಬ್ಬಾಳಿಕೆ ತುಂಬೋಕೆ ಹೋಗ್ಬೇಡಿ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1950ರ ದಶಕದಲ್ಲಿ 'ಡಾಮಿನೆಂಟ್ ಕಾಸ್ಟ್' ಅಂತ ಹೇಳಿದ್ದು ಜನಸಂಖ್ಯೆ, ಜಮೀನು, ರಾಜಕೀಯ ಬಲ ಇವನ್ನೆಲ್ಲಾ ಇಟ್ಕೊಂಡು, ಅದಕ್ಕೆ ಪ್ರಬಲ ಜಾತಿ ಅನ್ನೋದೇ ಸರಿ. ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಗ್ರಾಂಶಿ ಬರೆದ ಹೆಜಿಮನಿ ಬೇರೆ ಥರದ್ದು, ಅಲ್ಲಿ ಆಳಿಸ್ಕೊಳ್ಳೋರೇ ಇದು ಸಹಜ ಅಂತ ಒಪ್ಕೊಂಡುಬಿಟ್ಟಿರ್ತಾರೆ, ಅದಕ್ಕೆ ಯಜಮಾನಿಕೆ ಚೆನ್ನಾಗಿ ಹೊಂದುತ್ತೆ. ಗಂಡನನ್ನ 'ನಮ್ ಯಜಮಾನ್ರು' ಅನ್ನೋವಾಗ ಯಾರೂ ಹೆದರಿಕೆಯಿಂದ ಅನ್ನಲ್ಲ, ರೂಢಿಯಿಂದ ಅಂತಾರೆ, ಆ ರೂಢಿನೇ ಅಲ್ವಾ ಆ ಪದದ ಶಕ್ತಿ.

ಪ್ರಶ್ನೆ: ಜಬರ್ದಸ್ತಿ, ಕಾರುಬಾರು, ಹುಕುಂ ಇವೆಲ್ಲಾ ಹೊರಗಿಂದ ಬಂದ ಪದಗಳು, ಬರವಣಿಗೆಯಲ್ಲಿ ಬಿಟ್ಟುಬಿಡಬಹುದಾ?

ಉತ್ತರ: ದಯವಿಟ್ಟು ಬಿಡ್ಬೇಡಿ. ಫಾರ್ಸಿಯಲ್ಲಿ ಜಬರ್ ಅಂದ್ರೆ ಮೇಲೆ, ದಸ್ತ್ ಅಂದ್ರೆ ಕೈ, ಅಂದ್ರೆ ನಮ್ಮ ಮೇಲುಗೈನೇ! ಆದ್ರೆ ಕನ್ನಡದಲ್ಲಿ ಮೇಲುಗೈ ಅಂದ್ರೆ ಪೈಪೋಟಿಯಲ್ಲಿ ಮುಂದೆ ಇರೋದು, ಜಬರ್ದಸ್ತಿ ಅಂದ್ರೆ ಬೇಡ ಅಂದ್ರೂ ಕೇಳದೆ ಮಾಡಿಸೋದು. 'ಜಬರ್ದಸ್ತಿಯಿಂದ ಸಹಿ ಹಾಕಿಸ್ಕೊಂಡ್ರು' ಅನ್ನೋ ಜಾಗದಲ್ಲಿ 'ಮೇಲುಗೈ ಸಾಧಿಸಿ ಸಹಿ ಹಾಕಿಸ್ಕೊಂಡ್ರು' ಅಂತ ಬರೆದು ನೋಡಿ, ಅರ್ಥನೇ ಕೆಟ್ಟೋಗುತ್ತೆ. ಕಾರುಬಾರು ಫಾರ್ಸಿಯಲ್ಲಿ ಬರೀ ಕೆಲಸಕಾರ್ಯ, ವ್ಯವಹಾರ. ನಮ್ಮಲ್ಲಿ 'ಎಲ್ಲಾ ಅವನದೇ ಕಾರುಬಾರು' ಅಂದ್ರೆ ಹುದ್ದೆ ಇಲ್ಲದೇನೂ ಎಲ್ಲಾ ನಡೆಸ್ತಿರೋನು ಅಂತ ತಕ್ಷಣ ಗೊತ್ತಾಗುತ್ತೆ, ಅಷ್ಟು ಅರ್ಥವನ್ನ ಅಧಿಕಾರ ಅನ್ನೋ ಪದ ಹೊರಲ್ಲ.

ಪ್ರಶ್ನೆ: ಅಧಿಕಾರಕ್ಕೂ ಹಕ್ಕಿಗೂ ಏನು ವ್ಯತ್ಯಾಸ?

ಉತ್ತರ: 'ನನ್ನ ಕೇಳೋಕೆ ನಿನಗೇನು ಅಧಿಕಾರ ಇದೆ' ಅನ್ನೋವಾಗ ಎರಡೂ ಹತ್ರ ಹತ್ರ. ಉಳಿದ ಕಡೆ ಅಧಿಕಾರ ಹುದ್ದೆ ಇದ್ದೋರು ಚಲಾಯಿಸೋದು, ಹಕ್ಕು ಯಾವ ಹುದ್ದೆ ಇಲ್ಲದೋರೂ ಕೇಳೋದು. ಹಿಂದಿಯಲ್ಲಿ ಅಧಿಕಾರ್ ಅಂದ್ರೆ ಹಕ್ಕು, 2005ರ ಮಾಹಿತಿ ಹಕ್ಕು ಕಾಯ್ದೆಗೆ ಅಲ್ಲಿ 'ಸೂಚನಾ ಕಾ ಅಧಿಕಾರ್' ಅಂತಾರೆ. ಹಿಂದಿಯಿಂದ ಅನುವಾದ ಮಾಡೋರು 'ಮೌಲಿಕ್ ಅಧಿಕಾರ್' ಅಂತ ಕಂಡ್ರೆ ಮೂಲಭೂತ ಹಕ್ಕು ಅಂತಲೇ ಬರೀರಿ.