ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯೊಳಗಿನ ಆರಾಧನೆ

ಪ್ರಶ್ನೆ: ಹಾಸಿಗೆ ಹಿಡಿದಿರುವ ತಾಯಿಯವರ ಆರೈಕೆಯಿಂದಾಗಿ ಕೆಲವು ತಿಂಗಳುಗಳಿಂದ ಭಾನುವಾರದ ಆರಾಧನೆಗೆ ಹೋಗಲು ನನಗೆ ಆಗುತ್ತಿಲ್ಲ. ಮೊಬೈಲಿನಲ್ಲಿ ಆರಾಧನೆಯನ್ನು ಹಾಕಿಕೊಂಡು ಕೆಲಸ ಮಾಡುತ್ತಲೇ ಕೇಳುತ್ತೇನೆ. ರಾತ್ರಿ ಪ್ರಾರ್ಥನೆಗೆ ಕುಳಿತರೆ ಎರಡು ಮಾತು ಮುಗಿಯುವುದರೊಳಗೆ ನಿದ್ದೆ ಬಂದುಬಿಡುತ್ತದೆ. ದೇವರಿಗೆ ಸಲ್ಲಬೇಕಾದ ಗೌರವವನ್ನು ನಾನು ಸಲ್ಲಿಸುತ್ತಿಲ್ಲವೆಂಬ ಕೊರಗು ಕಾಡುತ್ತಿದೆ. ಭಯಭಕ್ತಿಯ ಆರಾಧನೆ ನನ್ನಂಥವರಿಗೆ ಸಾಧ್ಯವೇ?

ಉತ್ತರ: ಪ್ರಿಯ ಸಹೋದರಿ, ಮೊದಲು ನಿದ್ದೆಯ ವಿಷಯ. ಪ್ರವಾದಿ ಎಲೀಯನು ಬಳಲಿ ಮರದಡಿ ಮಲಗಿಬಿಟ್ಟಾಗ ದೇವದೂತನು ಅವನನ್ನು ಗದರಿಸಲಿಲ್ಲ; ಎಬ್ಬಿಸಿ ಊಟ ಕೊಟ್ಟನು, ಮತ್ತೆ ಮಲಗಲು ಬಿಟ್ಟನು. ದಿನವಿಡೀ ದುಡಿದ ದೇಹದ ಆಯಾಸವನ್ನು ಅಭಕ್ತಿಯೆಂದು ಎಣಿಸಿಕೊಳ್ಳಬೇಡಿ.

ಹಳೆಯ ಒಡಂಬಡಿಕೆಯ ಇಬ್ರಿಯ ಭಾಷೆಯಲ್ಲಿ 'ಅವೋದಾ' ಎಂಬ ಒಂದೇ ಪದವು ಹೊಲದ ದುಡಿಮೆಗೂ ಸಲ್ಲುತ್ತದೆ, ದೇವಾಲಯದ ಸೇವೆಗೂ ಸಲ್ಲುತ್ತದೆ. ಹಾಗೆಂದು 'ಕೆಲಸವೇ ನನ್ನ ಪ್ರಾರ್ಥನೆ' ಎಂದು ಹೇಳಿ ಪ್ರಾರ್ಥನೆಯನ್ನು ಕೈಬಿಡುವುದಕ್ಕೆ ಅದು ಅಪ್ಪಣೆಯಲ್ಲ. ಯಾರ ಮುಂದೆ ಕೆಲಸ ಮಾಡುತ್ತಿದ್ದೇನೆಂಬ ಅರಿವು ಇದ್ದಾಗ ಮಾತ್ರ ಕೆಲಸ ಆರಾಧನೆಯಾಗುತ್ತದೆ. 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗಾಗಿ ಬರೆದ ನಿಯಮಗಳಲ್ಲಿ, ಉಗ್ರಾಣದ ಹೊಣೆ ಹೊತ್ತವನು ಮಠದ ಪಾತ್ರೆ ಪದಾರ್ಥಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು ವಿಧಿಸಿದರು. ಅದೇ ನಿಯಮಗಳ 36ನೆಯ ಅಧ್ಯಾಯದಲ್ಲಿ, ರೋಗಿಗಳನ್ನು ಸಾಕ್ಷಾತ್ ಕ್ರಿಸ್ತನೆಂದೇ ತಿಳಿದು ಉಪಚರಿಸಬೇಕು, ಅದು ಉಳಿದೆಲ್ಲ ಕೆಲಸಗಳಿಗಿಂತ ಮೊದಲು ಬರಬೇಕು ಎಂದಿದ್ದಾರೆ. ನಿಮ್ಮ ಪತ್ರ ಓದಿದಾಗ ನನಗೆ ತಕ್ಷಣ ನೆನಪಾದದ್ದು ಈ ಮಾತೇ.

ಹಾಗಾದರೆ ತಾಯಿಯವರ ಮೈ ಒರೆಸುವ ಹೊತ್ತನ್ನೇ ತೆಗೆದುಕೊಳ್ಳಿ. ಬಿಸಿನೀರಿನ ಬಟ್ಟಲನ್ನು ಪಕ್ಕದಲ್ಲಿಟ್ಟು, ಬಟ್ಟೆಯನ್ನು ಹಿಂಡುವ ಮೊದಲು ಒಂದು ಉಸಿರಿನಷ್ಟು ಹೊತ್ತು ನಿಲ್ಲಿ. 'ಕರ್ತನೇ, ನೀನು ಇಲ್ಲಿದ್ದೀ' ಎಂದು ಮನಸ್ಸಿನಲ್ಲೇ ಹೇಳಿರಿ. ಆಮೇಲೆ ನೀರು ಹೆಚ್ಚು ಬಿಸಿಯಿದೆಯೇ ಎಂದು ಮೊಣಕೈಯಿಂದ ಮುಟ್ಟಿ ನೋಡಿ, ಅವರಿಗೆ ಹೇಳಿಯೇ ಅವರ ತೋಳನ್ನು ಎತ್ತಿ, ಬೆರಳುಗಳ ಸಂದುಗಳನ್ನೂ ಒರೆಸಿ, ಒಂದು ಭಾಗ ಒರೆಸುವಾಗ ಉಳಿದ ಮೈಯನ್ನು ಹೊದಿಕೆಯಿಂದ ಮುಚ್ಚಿಡಿ. ಅವಸರವಿಲ್ಲದ ಆ ಕೈಗಳಲ್ಲಿ ಭಯವೂ ಇದೆ, ಭಕ್ತಿಯೂ ಇದೆ.

ಮೊಬೈಲಿನ ಆರಾಧನೆಯ ಬಗ್ಗೆ ಮಾತ್ರ ನಾನು ನಿಷ್ಠುರವಾಗಿ ಹೇಳಬೇಕಾಗಿದೆ. ಪಾತ್ರೆ ತೊಳೆಯುವ ಸದ್ದಿನ ನಡುವೆ ಪಾಪನಿವೇದನೆಯೂ ಆಶೀರ್ವಾದವೂ ಕಿವಿಯ ಪಕ್ಕದಲ್ಲೇ ಹಾದುಹೋಗುವುದು ಅಭ್ಯಾಸವಾಗಿಬಿಟ್ಟರೆ, ಪವಿತ್ರವಾದ ಮಾತುಗಳಿಗೆ ಕಿವಿ ಕೊಡದಿರುವುದೂ ಅಭ್ಯಾಸವಾಗುತ್ತದೆ. ಕೆಲಸದ ನಡುವೆ ಕೀರ್ತನೆಗಳನ್ನು ಕೇಳುವುದು ಒಳ್ಳೆಯದೇ. ಆದರೆ ಆರಾಧನೆಯೆಂದು ಹಾಕಿದ ಮೇಲೆ ಹತ್ತು ನಿಮಿಷವಾದರೂ ತಾಯಿಯವರ ಪಕ್ಕದಲ್ಲಿ ಕುಳಿತು, ಉತ್ತರ ಕೊಡಬೇಕಾದ ಕಡೆ ಬಾಯಿಬಿಟ್ಟು ಉತ್ತರ ಕೊಡಿ, ಬಳಿಕ ನಿಲ್ಲಿಸಿಬಿಡಿ. ಕುರುಡು, ಕುಂಟು ಪಶುಗಳನ್ನು ತಂದು ಅರ್ಪಿಸುತ್ತಿದ್ದವರನ್ನು ಪ್ರವಾದಿ ಮಲಾಕಿಯನು ಖಂಡಿಸಿದ್ದು, ಮಿಕ್ಕದ್ದನ್ನು ದೇವರಿಗೆ ಕೊಡುವ ಆ ಮನಸ್ಸನ್ನೇ. ಆದ್ದರಿಂದ ಪ್ರಾರ್ಥನೆಯನ್ನೂ ರಾತ್ರಿಯಿಂದ ಬೆಳಗಿಗೆ ತನ್ನಿ. ಕರ್ತನ ಪ್ರಾರ್ಥನೆಯನ್ನು ದಿನಕ್ಕೆ 3 ಬಾರಿ ಹೇಳಬೇಕೆಂದು ಆದಿಸಭೆಯ ಬರಹವಾದ ದಿದಾಖೆಯಲ್ಲಿದೆ. ಒಂದೊಂದು ವಾಕ್ಯಕ್ಕೂ ನಿಂತು ನಿಂತು ಹೇಳಿದರೂ ಅದಕ್ಕೆ ಹೆಚ್ಚು ಹೊತ್ತು ಬೇಕಾಗದು.

ಇನ್ನೊಂದು ಮಾತು. ಸಭೆಯಿಂದ ದೂರವಿರುವುದು ನಿಮಗೆ ನೋವು ತಂದಿದೆಯೆಂದರೆ ಅದು ಸರಿಯಾದ ನೋವೇ. ಅದನ್ನು ಸಭಾಪಾಲಕರಿಗೆ ತಿಳಿಸಿರಿ. ಸುಮಾರು ಕ್ರಿ.ಶ. 155ರಲ್ಲಿ ಹುತಾತ್ಮ ಜಸ್ಟಿನರು ಭಾನುವಾರದ ಆರಾಧನೆಯನ್ನು ವರ್ಣಿಸುವಾಗ, ಬರಲಾಗದವರಿಗೆ ಸಭಾಸೇವಕರು ಪ್ರಭುಭೋಜನದ ಪಾಲನ್ನು ಕೊಂಡೊಯ್ಯುತ್ತಿದ್ದರೆಂದು ಬರೆದಿದ್ದಾರೆ. ನೀವು ಮತ್ತು ನಿಮ್ಮ ತಾಯಿಯವರು ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚಕ್ಕೆ ಕಾರಣವೇ ಇಲ್ಲ.

ಪ್ರಶ್ನೆ: 'ದೇವರು ಹೃದಯವನ್ನು ನೋಡುತ್ತಾನಲ್ಲವೇ, ಮೊಣಕಾಲೂರುವುದು ಏಕೆ?' ಎಂದು ನನ್ನ ಮಗ ಕೇಳುತ್ತಾನೆ. ಏನು ಹೇಳಲಿ?

ಉತ್ತರ: ಮಗನ ಪ್ರಶ್ನೆ ಒಳ್ಳೆಯದು, ಗದರಿಸಿ ಸುಮ್ಮನಾಗಿಸಬೇಡಿ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಆರಾಧನೆಗೆ ಬಳಸಿರುವ ಮುಖ್ಯ ಪದವೊಂದರ ಅರ್ಥವೇ ಬಗ್ಗಿ ನಮಸ್ಕರಿಸುವುದು. ದಾನಿಯೇಲನು ದಿನಕ್ಕೆ 3 ಸಲ ಮೊಣಕಾಲೂರಿದನು. ದೇವಾಲಯದ ಪ್ರತಿಷ್ಠೆಯ ದಿನ ಸೊಲೊಮೋನನು ನಿಂತು ಪ್ರಾರ್ಥನೆಯನ್ನು ಆರಂಭಿಸಿ, ಮುಗಿಸುವ ಹೊತ್ತಿಗೆ ಮೊಣಕಾಲೂರಿದ್ದನು. ಆದರೆ ಇನ್ನೊಂದು ಕಡೆ, ಕ್ರಿ.ಶ. 325ರಲ್ಲಿ ಬಿಷಪರು ಸೇರಿದ್ದ ನೈಸೀಯ ಮಹಾಸಭೆಯು ಭಾನುವಾರಗಳಂದು ನಿಂತೇ ಪ್ರಾರ್ಥಿಸಬೇಕೆಂದು ಗೊತ್ತುಮಾಡಿತು, ಏಕೆಂದರೆ ಅದು ಪುನರುತ್ಥಾನದ ದಿನ. ಭಂಗಿಯೂ ಒಂದು ಮಾತೇ ಎಂದು ಸಭೆಯು ತಿಳಿದಿತ್ತು. ಮಂಡಿನೋವಿನ ಹಿರಿಯರು ಕುಳಿತು ತಲೆಬಾಗಿದರೆ ಯಾವ ಕೊರತೆಯೂ ಇಲ್ಲ. ಮಗನಿಗೆ ಇಷ್ಟು ವಿವರಿಸಿ, ಆಮೇಲೆ ಅವನ ಪಕ್ಕದಲ್ಲೇ ನೀವೂ ಮೊಣಕಾಲೂರಿರಿ.

ಪ್ರಶ್ನೆ: ಮನೆಯವರೊಂದಿಗೆ ಜಗಳವಾದ ದಿನ ಕುಟುಂಬ ಪ್ರಾರ್ಥನೆ ಮಾಡಬಹುದೇ?

ಉತ್ತರ: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಸಮಾಧಾನವಾಗಬೇಕೆಂದು ಯೇಸು ಸ್ವಾಮಿ ಹೇಳಿದ್ದನ್ನು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಓದುತ್ತೇವೆ. ಸತ್ಯವೇದವನ್ನು ತೆರೆದಿದ್ದರೆ ಹಾಗೆಯೇ ಇರಲಿ. ಅವರಿರುವ ಕೋಣೆಗೆ ಹೋಗಿ, 'ತಪ್ಪಾಯಿತು' ಎಂದು ಹೇಳಿ, ಪ್ರಾರ್ಥನೆಗೆ ಅವರನ್ನು ಕರೆದುಕೊಂಡು ಬನ್ನಿ.