100 ವ್ಯಾಟ್ ರಿಗ್‌ನ ಪವರ್ ಗುಂಡಿಯನ್ನು 5ಕ್ಕೆ ಇಳಿಸಿದರೆ ಆಂಪ್ಲಿಫೈಯರ್‌ಗೆ ಸಾಕಲ್ಲವೇ?

ನಿಮ್ಮ ಹ್ಯಾಮ್ ರೇಡಿಯೋ ರಿಗ್ (ಸಿಗ್ನಲ್ ಕಳುಹಿಸುವ, ಪಡೆಯುವ ಯಂತ್ರ) 100 ವ್ಯಾಟಿನದು, ಅದರ ಮುಂದೆ ಸಿಗ್ನಲ್ಲನ್ನು ಇನ್ನಷ್ಟು ಬಲಗೊಳಿಸುವ ಆಂಪ್ಲಿಫೈಯರ್ 5 ವ್ಯಾಟ್‌ಗಿಂತ ಹೆಚ್ಚು ತಡೆಯದು, ಗುಂಡಿಯನ್ನು 5ಕ್ಕೆ ಇಳಿಸಿದ್ದೀರಿ, ಹಾಗಿರುವಾಗ ನಡುವೆ ಶಕ್ತಿಯನ್ನು ಸುಮ್ಮನೆ ಸುಟ್ಟು ತಗ್ಗಿಸುವ ರೆಸಿಸ್ಟರ್‌ಗಳ ಜಾಲ, ಅಂದರೆ ಅಟೆನ್ಯುಯೇಟರ್ ಏಕೆ ಎಂಬುದು ನಿಮ್ಮ ಪ್ರಶ್ನೆ. ಇದೇ ಲೆಕ್ಕಾಚಾರದಿಂದ ನಾನು ಎರಡು ತಿಂಗಳು ಕುಳಿತು ಬೆಸುಗೆ ಹಾಕಿದ್ದ ಆಂಪ್ಲಿಫೈಯರನ್ನು ಮೊದಲ ರಾತ್ರಿಯೇ ಕೆಡಿಸಿಕೊಂಡೆ.

ನಾನೇನೂ ಅಜಾಗರೂಕನಾಗಿರಲಿಲ್ಲ. ರಿಗ್ಗನ್ನು ಆಂಟೆನಾ ಬದಲಿಗೆ ಶಕ್ತಿಯನ್ನು ಹೀರಿಕೊಳ್ಳುವ ಡಮ್ಮಿ ಲೋಡ್‌ಗೆ ಜೋಡಿಸಿ, ಮೋರ್ಸ್ ಕೀ ಒತ್ತಿ ಹಿಡಿದು, ಮೀಟರಿನ ಮುಳ್ಳು 5ರ ಗೆರೆಯ ಮೇಲೆ ನಿಂತದ್ದನ್ನು ಎರಡು ಸಲ ನೋಡಿದ ಮೇಲೆಯೇ ಕೇಬಲನ್ನು ಆಂಪ್ಲಿಫೈಯರಿಗೆ ಬದಲಿಸಿದ್ದು. ಮೊದಲ ಡಿಟ್‌ಗೇ (ಮೋರ್ಸ್‌ನ ಚುಕ್ಕೆ) 'ಟಿಕ್' ಎಂದಿತು. ಸುಟ್ಟ ವಾಸನೆಯೂ ಬರಲಿಲ್ಲ. ಆಂಪ್ಲಿಫೈಯರಿನ ಟ್ರಾನ್ಸಿಸ್ಟರ್ ಆದ ಮಾಸ್‌ಫೆಟ್‌ನ ಗೇಟ್, ಅಂದರೆ ಸಿಗ್ನಲ್ ಒಳಹೋಗುವ ತುದಿ, ಶಾರ್ಟ್ ಆಗಿತ್ತು. ಬಯಾಸ್ (ಗೇಟ್‌ಗೆ ಕೊಡುವ ಸ್ಥಿರ ವೋಲ್ಟೇಜ್) ತಪ್ಪಿರಬೇಕೆಂದು ಅದನ್ನು ತಿದ್ದಿ ಇನ್ನೊಂದು ಮಾಸ್‌ಫೆಟ್ ಹಾಕಿದೆ. ಅದೂ ಹೋಯಿತು.

ನನ್ನ ತಪ್ಪು ಇದ್ದದ್ದು ಗುಂಡಿಯನ್ನು ನಲ್ಲಿಯೆಂದು ಭಾವಿಸಿದ್ದರಲ್ಲಿ. ಬಹಳಷ್ಟು ರಿಗ್‌ಗಳಲ್ಲಿ ಆ ಗುಂಡಿ ಮಾಡುವುದು ಎಎಲ್‌ಸಿ ಎಂಬ ಸ್ವಯಂಚಾಲಿತ ನಿಯಂತ್ರಣಕ್ಕೆ ಒಂದು ಗುರಿಯನ್ನು ಕೊಡುವುದಷ್ಟೇ. ಎಎಲ್‌ಸಿ ಹೊರಹೋಗುತ್ತಿರುವ ಶಕ್ತಿಯನ್ನು ಅಳೆದು, ಗುರಿ ಮೀರಿದ್ದನ್ನು ಕಂಡು, ಆಮೇಲೆ ಹಿಂದಿನ ಹಂತಗಳ ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ) ತಗ್ಗಿಸುತ್ತದೆ. ಅಂದರೆ ಹೆಚ್ಚಿನ ಶಕ್ತಿ ಹೊರಬಿದ್ದ ಮೇಲೆಯೇ ಅದಕ್ಕೆ ಎಚ್ಚರ. ಕೀ ಬಿಟ್ಟು ಸ್ವಲ್ಪ ಹೊತ್ತಾದರೆ ಎಎಲ್‌ಸಿ ವೋಲ್ಟೇಜ್ ಇಳಿದು ಗೇನ್ ಮತ್ತೆ ಪೂರ್ತಿ ತೆರೆದುಕೊಳ್ಳುವುದರಿಂದ ಪ್ರತಿ ಸಲದ ಮೊದಲ ಡಿಟ್‌ನಲ್ಲೂ ಇದೇ ಕಥೆ. ಕೊನೆಗೆ ಡಮ್ಮಿ ಲೋಡ್‌ಗೆ, ವೋಲ್ಟೇಜಿನ ಏರಿಳಿತವನ್ನು ಕ್ಷಣಕ್ಷಣಕ್ಕೂ ತೋರಿಸುವ ಆಸಿಲೋಸ್ಕೋಪ್ ಹಚ್ಚಿದೆ. 50 ಓಮ್‌ನಲ್ಲಿ 5 ವ್ಯಾಟ್ ಎಂದರೆ ಶೃಂಗದಲ್ಲಿ 22 ವೋಲ್ಟ್ ಕಾಣಬೇಕು. ಡಿಟ್‌ನ ಮೊದಲ ಎರಡು ಮೂರು ಮಿಲಿಸೆಕೆಂಡು ಕಂಡದ್ದು 90, ಅಂದರೆ 81 ವ್ಯಾಟ್. ಮುಳ್ಳು ಕದಲುವಷ್ಟರಲ್ಲಿ ಅದು ಮುಗಿದಿರುತ್ತಿತ್ತು.

ಆದ್ದರಿಂದ 'ಶಕ್ತಿ ವ್ಯರ್ಥ' ಎಂಬ ನಿಮ್ಮ ತಕರಾರನ್ನು ನಾನು ಒಪ್ಪುವುದಿಲ್ಲ. ರಿಗ್ 100 ವ್ಯಾಟ್ ಕೊಟ್ಟರೆ ಮಿಕ್ಕ 95 ವ್ಯಾಟ್ ಎಲ್ಲಾದರೂ ಸುಡಲೇಬೇಕು, ರೆಸಿಸ್ಟರ್‌ನಲ್ಲಿ ಸುಡಲಿ. ರಿಗ್ಗನ್ನು ಪೂರ್ಣ ಶಕ್ತಿಯಲ್ಲೇ ಇಟ್ಟು 13 ಡೆಸಿಬೆಲ್‌ನ (ಶಕ್ತಿಯನ್ನು ಇಪ್ಪತ್ತನೇ ಒಂದು ಭಾಗಕ್ಕೆ ಇಳಿಸುವ) ಪೈ ಅಟೆನ್ಯುಯೇಟರ್ ಹಾಕಿ, π ಆಕಾರದಲ್ಲಿ ಮೂರು ರೆಸಿಸ್ಟರ್: ಎರಡು ಬದಿಗೆ ಒಂದೊಂದು 79 ಓಮ್, ನಡುವೆ 106 ಓಮ್. ಮೂರೂ ಸಮನಾಗಿ ಬಿಸಿಯಾಗುತ್ತವೆ ಎಂದುಕೊಳ್ಳಬೇಡಿ. ರಿಗ್ ಕಡೆಯ ರೆಸಿಸ್ಟರೊಂದೇ 63 ವ್ಯಾಟ್ ನುಂಗುತ್ತದೆ, ನಡುವಿನದು 28, ಕೊನೆಯದು ಬರೀ 3. ತಂತಿ ಸುತ್ತಿದ ರೆಸಿಸ್ಟರ್ ಬೇಡ, ಅದು ರೇಡಿಯೋ ಆವೃತ್ತಿಯಲ್ಲಿ ಸುರುಳಿಯಂತೆ ವರ್ತಿಸುತ್ತದೆ. ಇಡೀ ಅಟೆನ್ಯುಯೇಟರನ್ನು ಆಂಪ್ಲಿಫೈಯರಿನ ಒಳಗೆ, ಕಳುಹಿಸುವಾಗ ಮಾತ್ರ ಆಂಪ್ಲಿಫೈಯರನ್ನು ದಾರಿಗೆ ಸೇರಿಸುವ ಸ್ವಿಚ್ಚಾದ ರಿಲೇಗೂ ಗೇಟ್‌ಗೂ ನಡುವೆ ಇಡಿ. ರಿಲೇಯ ಹೊರಗೆ ಇಟ್ಟರೆ ನಿಮಗೆ ಕೇಳಿಸುವ ಸಿಗ್ನಲ್ಲೂ 13 ಡೆಸಿಬೆಲ್ ಕುಗ್ಗುತ್ತದೆ.

ಎಎಲ್‌ಸಿ ಸಾಕೆಟ್ಟಿಗೆ ಬ್ಯಾಟರಿಯಿಂದ ಋಣ ವೋಲ್ಟೇಜ್ ಕೊಟ್ಟು ಗೇನನ್ನು ಮೊದಲೇ ತಗ್ಗಿಸಿಡುವ ಉಪಾಯವನ್ನೂ ಯಾರಾದರೂ ಹೇಳಿಯಾರು. ಕೆಲವು ರಿಗ್‌ಗಳಲ್ಲಿ ಅದು ನಡೆಯುತ್ತದೆ, ಬ್ಯಾಟರಿ ಸೋಲುವ ತನಕ. ನೇರವಾಗಿ ಆಂಟೆನಾಗೆ 5 ವ್ಯಾಟ್ ಕಳುಹಿಸುವವರಿಗೆ ಮಾತ್ರ ಇದಾವುದೂ ಬೇಡ, ಅವರಿಗೆ ಗುಂಡಿಯೇ ಸಾಕು.