ಕ್ಯಾನ್ಸರ್ ನಡಿಗೆಯ ಹಣ ಸಂಶೋಧನೆಗೇ ಸೇರಬೇಕಾದರೆ

ಪ್ರಶ್ನೆ: ತುಮಕೂರಿನಲ್ಲಿ ಕ್ಯಾನ್ಸರ್ ಸಂಶೋಧನೆಗಾಗಿ 300 ಜನರ 5 ಕಿ.ಮೀ. ನಡಿಗೆ ಮಾಡಬೇಕೆಂದಿದ್ದೇವೆ. ಹಣ ಹೇಗೆ ಸಂಗ್ರಹಿಸಬೇಕು? ಏನೇನು ಸಿದ್ಧತೆ ಬೇಕು?
– ಓದುಗರೊಬ್ಬರು, ಕ್ಯಾತಸಂದ್ರ

ಉತ್ತರ: ಮೊದಲು ಹಣ ಪಡೆಯುವ ಸಂಸ್ಥೆಯನ್ನು ಗೊತ್ತುಮಾಡಿಕೊಳ್ಳಿ. ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಯನ್ನು ಆರಿಸಿಕೊಂಡರೂ ದೇಣಿಗೆ ಸಂಶೋಧನೆಗೋ ರೋಗಿಗಳ ಚಿಕಿತ್ಸೆಗೋ ಎಂಬುದನ್ನು ಪತ್ರದಲ್ಲಿ ಸ್ಪಷ್ಟಪಡಿಸಿ, ಒಪ್ಪಿಗೆ ಪಡೆಯಿರಿ. ಬರೀ ‘ಕ್ಯಾನ್ಸರ್ ನಿಧಿಗೆ’ ಎಂದು ಬರೆದುಕೊಟ್ಟರೆ ಅದು ಯಾವುದಕ್ಕೆ ಬೇಕಾದರೂ ಬಳಕೆಯಾಗಬಹುದು.

ಹೆಚ್ಚಿನ ಎಡವಟ್ಟು ಆಗುವುದು ಕ್ಯೂಆರ್ ಕೋಡ್‌ನಲ್ಲಿ. ಸಂಘಟಕರ ಸ್ವಂತ ಖಾತೆಯದನ್ನು ದಯವಿಟ್ಟು ಅಂಟಿಸಬೇಡಿ. ದಾನಿಯ ಹೆಸರಿಗೆ ರಸೀದಿ ಸಿಗುವುದಿಲ್ಲ, ಲೆಕ್ಕವೂ ಗೋಜಲಾಗುತ್ತದೆ. ಸಂಸ್ಥೆಯ ಖಾತೆಗೇ ನೇರ ಹೋಗಲಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲ. ಟೀ ಶರ್ಟ್, ತಿಂಡಿಯ ಖರ್ಚನ್ನು ಪ್ರಾಯೋಜಕರಿಂದ ಬೇರೆಯಾಗಿ ಪಡೆಯಿರಿ.

ಬಿ.ಎಚ್. ರಸ್ತೆಯ ವಾಹನಗಳ ನಡುವೆ ಬೇಡ, ಅಮಾನಿಕೆರೆಯ ಸುತ್ತ ಅನುಮತಿ ಕೇಳಿ. ಪೊಲೀಸ್ ಠಾಣೆಗೂ ಮುಂಚಿತವಾಗಿ ಅರ್ಜಿ ಕೊಡಿ. ತಲಾ ಅರ್ಧ ಲೀಟರ್‌ನಂತೆ 150 ಲೀಟರ್ ನೀರು, ಅಂದರೆ 20 ಲೀಟರಿನ 8 ಕ್ಯಾನ್ ಬೇಕು. ಬೆಳಿಗ್ಗೆ 6.30ಕ್ಕೇ ಹೊರಡಿ. ಕೀಮೋ ಪಡೆಯುತ್ತಿರುವವರಿಗೆ ಸೋಂಕು ಬೇಗ ತಗಲುತ್ತದೆ. ವೈದ್ಯರು ಒಪ್ಪಿದರಷ್ಟೇ ಬರಲಿ, ಅವರಿಗೆ ಗುಂಪಿನಿಂದ ದೂರ ನೆರಳಲ್ಲಿ ಕುರ್ಚಿ ಹಾಕಿಸಿ.